ಉಂಗುರ ಬೆರಳು

ತಿಂಗಳ ಕೊನೆಯ ದಿನ ಬೆಳಿಗ್ಗೆ ರೇಷನ್ ಸೊಸೈಟಿಯ ಬೆರಳಚ್ಚಿನ ಯಂತ್ರ ಮಾದೇಶನನ್ನು ಮಾದೇಶನಲ್ಲ ಅಂದುಬಿಟ್ಟಿತು. ಆದದ್ದು ಇಷ್ಟೇ. ಇಷ್ಟಕ್ಕೇ ಊರಿಗೆ ಊರೇ ಸಂಜೆಯವರೆಗೂ ಅವನ ಕೈ ಹಿಡಿದುಕೊಂಡು ಕೂತಿತು ಅಂದರೆ ನೀವು ನಂಬಬೇಕು.

ಅವನ ಊರು ಬೀಚನಹಳ್ಳಿ ಡ್ಯಾಮಿನಿಂದ ಈಚೆಗೆ. ನಾಲೆ ಮನೆಯ ಹಿಂದೆಯೇ ಹರಿಯುತ್ತದೆ, ಜಮೀನು ಮಾತ್ರ ದಿಬ್ಬದ ಮೇಲಿದೆ. ನೀರು ಕಣ್ಣಿಗೆ ಕಾಣುತ್ತದೆ, ಪೈರಿಗೆ ಸಿಗುವುದಿಲ್ಲ. ಹಾಗಾಗಿ ಹೊಗೆಸೊಪ್ಪು. ಸೊಪ್ಪು ಮುರಿದು, ಕೈಗೆ ಮೆತ್ತಿದ ಕರೀ ಅಂಟನ್ನು ಉಜ್ಜಿ ಉಜ್ಜಿ ತೊಳೆದು ಅವನ ಬಲಗೈಯ ಗೆರೆಗಳೆಲ್ಲ ಎಂದೋ ಅಳಿಸಿಹೋಗಿದ್ದವು. ಎಡಗೈಯ ಹೆಬ್ಬೆರಳ ತುದಿಯನ್ನು ಕುಡುಗೋಲು ತಿಂದಿತ್ತು. ರೇಷನ್ ಯಂತ್ರಕ್ಕೆ ಅವನ ಹತ್ತು ಬೆರಳಲ್ಲಿ ಒಪ್ಪಿಗೆಯಾಗುತ್ತಿದ್ದದ್ದು ಎಡಗೈಯ ಉಂಗುರ ಬೆರಳೊಂದೇ. ಈ ಕಡೆ ಎಲ್ಲರ ಕಥೆಯೂ ಇದೇ ಬಿಡಿ. ಯಾರಿಗೆ ಯಾವ ಬೆರಳು ನಡೆಯುತ್ತದೆ ಅನ್ನುವುದು ಅವರವರಿಗೆ ತಮ್ಮ ಜನ್ಮನಕ್ಷತ್ರಕ್ಕಿಂತ ಚೆನ್ನಾಗಿ ಗೊತ್ತು.

“ಒತ್ತಯ್ಯ ಸರಿಯಾಗಿ,” ಅಂದರು ಸೊಸೈಟಿ ನಡೆಸುವ ಗುರುಮಲ್ಲಪ್ಪ.

“ಒತ್ತೇ ಇವ್ನಿ ಕಣ್ರೀ.”

“ಪಂಚೆಗೆ ಒರೆಸ್ಕೊ. ಈಗ ತಲೆಗೆ ಉಜ್ಜು, ಒಸಿ ಜಿಡ್ಡು ಹತ್ಲಿ. ಹಾಂ, ಇಡು.”

ಯಂತ್ರ ಕೆಂಪು ದೀಪ ಹಚ್ಚಿ ಕುಯ್ಯೋ ಅಂದಿತು. ಗುರುಮಲ್ಲಪ್ಪ ಕನ್ನಡಕ ಏರಿಸಿ ಅವನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

“ಏನಯ್ಯ ಇದು, ಬೆರಳ ತುದೀಲಿ ಆಣಿ ಎದ್ದೈತೆ! ಕಾಲಿಗೆ ಏಳೋದ ಕಂಡಿವ್ನಿ, ಕೈಗೆ ಏಳೋದ ಇವತ್ತೇ ಕಂಡಿದ್ದು. ಫೋನಿಗೆ ಓಟಿಪಿ ನಂಬರ್ ಕಳಿಸೋಣ ಅಂದ್ರೆ ಕಾರ್ಡಿಗೆ ಕೊಟ್ಟಿರೋ ಫೋನೆಲ್ಲಿ?”

“ಅದು ಓದ ವರ್ಸ ನಾಲೆಗೆ ಬಿತ್ತಲ್ಲ.”

“ಸರಿ ಓಯ್ತು. ಆರು ಗಂಟೆಗೆ ಬಾಗ್ಲು ಆಕ್ತೀನಿ. ಅಷ್ಟ್ರೊಳ್ಗೆ ಬೆರಳು ಸರಿಮಾಡ್ಕೊಂಡು ಬಾ, ಇಲ್ದಿದ್ರೆ ಈ ತಿಂಗಳ ಅಕ್ಕಿ ಆಸೆ ಬುಟ್ಬುಡು.”

ಅದು ಆಣಿಯಲ್ಲ ಅಂತ ಮಾದೇಶನಿಗೆ ಗೊತ್ತಿತ್ತು. ಅದು ಗಿಟಾರಿನ ತಂತಿ ಕೂತು ಕೂತು ಜಡ್ಡುಗಟ್ಟಿದ ಚರ್ಮ. ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಹೇಳುವ ಹಾಗಿರಲಿಲ್ಲ, ಯಾಕೆಂದರೆ ಅವನ ಹೆಂಡತಿ ಸುಮಿತ್ರಾ ಆ ಗಿಟಾರನ್ನು ಬಂದ ದಿನದಿಂದಲೂ ‘ಸೌದೆ’ ಅಂತಲೇ ಕರೆಯುತ್ತಿದ್ದಳು. ಹಿನ್ನೀರಿನ ರೆಸಾರ್ಟಿನಲ್ಲಿ ಅಡುಗೆಗಿದ್ದ ಒಬ್ಬ ಕೇರಳದವನು ಊರಿಗೆ ಹೊರಡುವಾಗ ಮಾದೇಶ ಅವಳ ಎರಡು ನಾಟಿ ಕೋಳಿ ಕೊಟ್ಟು ಅದನ್ನು ತಂದಿದ್ದ. ಮೊಟ್ಟೆಯಿಡುವ ಕೋಳಿಗಳು, ಪಾಪ! ಮನೆಗೆ ಅಕ್ಕಿ ತರುವ ಏಕೈಕ ಬೆರಳನ್ನೂ ಅದೇ ಸೌದೆ ಕೆಡಿಸಿತು ಅಂತ ಗೊತ್ತಾದರೆ, ಆ ರಾತ್ರಿಯ ಮುದ್ದೆ ಗಿಟಾರಿನ ಉರಿಯಲ್ಲೇ ಬೇಯುವುದರಲ್ಲಿ ಅನುಮಾನವಿರಲಿಲ್ಲ.

ಈಗ ಬಿಡುವುದೂ ಹೇಗೆ? ಜೀವಮಾನದಲ್ಲಿ ಮೊದಲ ಸಲ ಅವನಿಗೆ ಒಂದು ಅಭ್ಯಾಸ ಕೂತಿತ್ತು. ಗಿಟಾರನ್ನು ಯುಗಾದಿಗೆ ಶುರುಮಾಡಿ ವರ್ಷತೊಡಕಿಗೆ ಬಿಟ್ಟಿದ್ದ. ಗೌರಿ ಹಬ್ಬಕ್ಕೆ ಶುರುಮಾಡಿ ಗಣೇಶನ ಜೊತೆಗೇ ನೀರಿಗೆ ಬಿಟ್ಟಿದ್ದ. ನಾಳೆ ನೋಡೋಣ ಅನ್ನುವವನ ಮನೆಗೆ ನಾಳೆ ಯಾವತ್ತಾದರೂ ಬಂದದ್ದುಂಟೇ? ಕಡೆಗೆ ಆ ಅಡುಗೆಯವನೇ ಡೈರಿಯ ಫೋನಿನಲ್ಲಿ ಸಿಕ್ಕಿ ಬುದ್ಧಿ ಹೇಳಿದ. “ಟೈಮ್ ನೋಡಬೇಡ ಚೇಟ್ಟಾ. ದಿನಾ ತಪ್ಪದೆ ಮಾಡೋ ಒಂದು ಕೆಲಸಕ್ಕೆ ಗಿಟಾರ್ ಕಟ್ಟಿಬಿಡು.” ಮಾದೇಶ ಅದನ್ನು ಸ್ನಾನದ ಹಂಡೆಗೆ ಕಟ್ಟಿದ. ಹಾಲು ಡೈರಿಗೆ ಹಾಕಿ ಬಂದು ಹಂಡೆಗೆ ಉರಿ ಹಾಕುವುದು, ನೀರು ಕಾಯುವವರೆಗೆ ಬಾರಿಸುವುದು. ಸ್ನಾನ ತಪ್ಪುವುದಿಲ್ಲ, ಗಿಟಾರೂ ತಪ್ಪಲಿಲ್ಲ. ಮೊದಮೊದಲು ಬೆರಳ ತುದಿಯಲ್ಲಿ ರಕ್ತ ಬರುತ್ತಿತ್ತು, ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ. ಮಳೆ ಹಿಡಿದು, ಸೊಪ್ಪು ಬಲಿತು, ಅದನ್ನು ಗೂಡಿನ ಬಿಸಿಯಲ್ಲಿ ಬೇಯಿಸಿ ಒಣಗಿಸಿ ಮುಗಿಯುವ ಹೊತ್ತಿಗೆ ನೋವು ಹೋಯಿತು, ಜಡ್ಡು ಬಂತು. ಆ ಜಡ್ಡನ್ನು ಅವನು ಬಲಗೈ ಹೆಬ್ಬೆರಳಿನಿಂದ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ತನ್ನದು ಅಂತ ಅವನು ಸಂಪಾದಿಸಿದ್ದು ಅದೊಂದೇ.

ಬಾರಿಸುತ್ತಿದ್ದದ್ದೂ ಒಂದೇ ಹಾಡು. ಹೆಣ್ಣು ನೋಡಲು ಹೋದ ದಿನ ಸುಮಿತ್ರಾಳ ಅಜ್ಜಿ ಅವಳಿಂದ ಹೇಳಿಸಿದ ಪದ ಅದು. ಹುಡುಗಿ ತಲೆಯನ್ನೇ ಎತ್ತಿರಲಿಲ್ಲ, ಮುಖ ಕಂಡಿರಲಿಲ್ಲ. ಆ ದನಿ ಕೇಳಿಯೇ ಮಾದೇಶ ಹೂಂ ಅಂದಿದ್ದ. ಮದುವೆಯಾಗಿ, ಮಗಳು ರೂಪಶ್ರೀ ಹುಟ್ಟಿ, ಬೆಳೆದು ಕೋಟೆ ಪಟ್ಟಣದ ಹಾಸ್ಟೆಲ್ ಸೇರಿದರೂ ಆ ದನಿ ಮತ್ತೆ ಅವನ ಕಿವಿಗೆ ಬೀಳಲಿಲ್ಲ. ಹಾಡು ಅಂತ ಕೇಳಿದರೆ ಅವಳು “ಮಾಡಕ್ ಕೇಮೆ ಇಲ್ವಾ?” ಅನ್ನುತ್ತಿದ್ದಳು. ಅದಕ್ಕೇ ಅವನು ಕೇಳುವುದನ್ನು ಬಿಟ್ಟು ಬಾರಿಸಲು ಕಲಿತ. ಮೊದಲ ಸಾಲು ಬಂದಿತ್ತು. ಎರಡನೇ ಸಾಲಿನ ತಿರುವಿನಲ್ಲಿ ಉಂಗುರ ಬೆರಳು ಎಡವುತ್ತಿತ್ತು. ಅದೊಂದು ದಾಟಿಬಿಟ್ಟರೆ ಅಡುಗೆಮನೆಯಿಂದ ಅವಳು ತಡೆಯಲಾರದೆ ದನಿಗೂಡಿಸುತ್ತಾಳೆ ಅಂತ ಅವನ ಆಸೆ. ದಿನವೂ ಬಾರಿಸಿ ಕಿವಿಗೊಟ್ಟು ಕೂರುತ್ತಿದ್ದ. ಒಳಗಿನಿಂದ ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಸೊಸೈಟಿಯಿಂದ ಬರಿಗೈಯಲ್ಲಿ ಬಂದು ಮಾದೇಶ ಬೆರಳು ತೋರಿಸಿದ. ಸುಮಿತ್ರಾ ಅದನ್ನು ಬಗ್ಗಿ ನೋಡಿ ಸೆರಗಿಗೆ ಕೈ ಒರೆಸಿಕೊಂಡಳು.

“ಗುರುಮಲ್ಲಪ್ಪೋರು ಆಣಿ ಅಂತವ್ರೆ. ನೀನೇ ಬಂದು ತಂಬ್ ಕೊಟ್ಬುಡು, ಕಾರ್ಡ್ನಲ್ಲಿ ನಿನ್ನೆಸ್ರೂ ಐತಲ್ಲ,” ಅಂದ.

“ನಾನಾ? ನಂಗೆ ಕಳೆ ಕೀಳಕ್ಕೆ ಓಗ್ಬೇಕು. ಯಾವಾಗ್ಲೂ ನೀನ್ ತಾನೆ ಕೊಡದು, ಕೊಡು!” ಅಂದವಳೇ ಪಕ್ಕದ ಮನೆಯ ಮಾಯಮ್ಮನನ್ನು ಕೂಗಿದಳು.

ಮಾಯಮ್ಮ ಊರಿನ ದೊಡ್ಡ ಹೆಂಗಸು. ದನದ ಹೊಟ್ಟೆಯುಬ್ಬರದಿಂದ ಮಕ್ಕಳ ದೃಷ್ಟಿಯವರೆಗೆ ಎಲ್ಲಕ್ಕೂ ಅವಳ ಹತ್ತಿರ ಮದ್ದಿತ್ತು, ಕೇಳದಿದ್ದರೂ ಕೊಡುತ್ತಿದ್ದಳು. ಬೆರಳನ್ನು ಹಿಚುಕಿ ನೋಡಿ, “ಇದು ಸೊಪ್ಪಿನ ನಂಜು ಕಣ್ಲಾ. ಬಿಸಿ ಉಪ್ಪುನೀರಲ್ಲಿ ಅದ್ದು,” ಅಂದಳು. ಮಾದೇಶ ಅದ್ದಿದ. ಕೈ ಬೆಂದ ಬದನೆಕಾಯಿಯಾಯಿತು.

ಆಮೇಲೆ ಹುಣಸೆಹುಳಿ ಕಟ್ಟಿದರು. ಅಷ್ಟರಲ್ಲಿ ಎದುರು ಮನೆಯ ಚಾಮಯ್ಯ ಬಂದ. ಅವನು ಒಂದು ಕಾಲದಲ್ಲಿ ಪಶು ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದವನು, ಹಾಗಾಗಿ ಅರ್ಧ ಡಾಕ್ಟರು. “ಹುಳಿ ಯಾಕ್ ಆಕಿದ್ರಿ? ಗೊರಸಿಗೆ ಆಗೋ ಕಾಯ್ಲೆ ಇದು. ಅರಳೆಣ್ಣೆ ಆಕಿ ಕೆರೀಬೇಕು,” ಅಂದ.

“ನಂದು ಗೊರಸಲ್ಲ ಕಣಣ್ಣ,” ಅಂದ ಮಾದೇಶ.

“ಮುಂದೆ ಆಗೋದು ಬ್ಯಾಡ ಅಂತಾನೇ ಏಳ್ತಿರೋದು.”

ಮಾಯಮ್ಮ ಹಿಮ್ಮಡಿ ಉಜ್ಜುವ ಕಲ್ಲು ತಂದಳು. ಚಾಮಯ್ಯ ಮುಂಗೈ ಅದುಮಿ ಹಿಡಿದ. ಕಳೆ ಕೀಳಲು ಹೋಗಬೇಕೆಂದಿದ್ದ ಸುಮಿತ್ರಾ ಹೊಲದ ಸುದ್ದಿಯನ್ನೇ ಎತ್ತದೆ ಪಕ್ಕದಲ್ಲೇ ಕೂತು ಬಿಸಿನೀರು ಹೊಯ್ಯುತ್ತಿದ್ದಳು.

“ಉಜ್ಜು ಮಾಯಕ್ಕ. ಇನ್ನೂ ಒಸಿ ಉಜ್ಜು. ಓ ಆ ಕಡೇಗೈತೆ ನೋಡು.”

ಇವಳಿಗೆ ಅಕ್ಕಿಯ ಮೇಲೆ ಇಷ್ಟು ಪ್ರಾಣವೇ ಅಂತ ಮಾದೇಶನಿಗೆ ಸಂಕಟವಾಯಿತು. ಕಲ್ಲು ಹಿಂದೆ ಮುಂದೆ ಆಡಿದಂತೆಲ್ಲ ಬಿಳೀ ಪುಡಿ ಉದುರುತ್ತಿತ್ತು. ಒಂದೊಂದು ಬೆಳಗಿನ ಜಡ್ಡು ಒಂದೊಂದು ಚಿಟಿಕೆಯಾಗಿ ಅವನ ಮೊಣಕಾಲ ಮೇಲೆ ಬೀಳುತ್ತಿತ್ತು. ಬೇಡ, ಬಿಡಿ, ಅಕ್ಕಿ ಹಾಳಾಗಲಿ ಅನ್ನಬೇಕೆಂದು ಬಾಯಿ ತೆರೆದ. ಅಂದರೆ ಯಾಕೆ ಅಂತ ಕೇಳುತ್ತಾರೆ, ಹೇಳಿದರೆ ಗಿಟಾರು ಒಲೆಗೆ ಹೋಗುತ್ತದೆ. ಬಾಯಿ ಮುಚ್ಚಿದ. ಕಣ್ಣಲ್ಲಿ ನೀರು ಬಂತು.

“ನೋಯ್ತದಾ?” ಅಂದಳು ಮಾಯಮ್ಮ.

“ಊಂ, ನೋಯ್ತದೆ,” ಅಂದ. ಸುಳ್ಳೇನೂ ಆಗಿರಲಿಲ್ಲ.

ಐದು ಗಂಟೆಯ ಹೊತ್ತಿಗೆ ಬೆರಳು ಆಗತಾನೆ ಹುಟ್ಟಿದ ಮಗುವಿನ ಕೆನ್ನೆಯ ಹಾಗಾಗಿತ್ತು. ಮಾಯಮ್ಮ ಚಾಮಯ್ಯ ಇಬ್ಬರೂ ಮದುಮಗನನ್ನು ಕರೆದೊಯ್ಯುವ ಹಾಗೆ ಅವನನ್ನು ಸೊಸೈಟಿಗೆ ಕರೆದೊಯ್ದರು. ಮಾದೇಶ ಬೆರಳಿಟ್ಟ. ಯಂತ್ರ ಕುಯ್ಯೋ ಅಂದಿತು.

ಗುರುಮಲ್ಲಪ್ಪ ಮತ್ತೆ ಬೆಳಕಿಗೆ ಹಿಡಿದು ನೋಡಿದರು. “ಯಾರಯ್ಯ ಇದ ಉಜ್ಜಿದ್ದು? ಆಣಿ ಜೊತೇಲಿ ಗೆರೇನೂ ತೆಗ್ದುಬುಟ್ಟವ್ರೆ! ಬೆಳಿಗ್ಗೆ ಅರ್ಧ ಮಾದೇಶನಾದ್ರೂ ಇದ್ದೆ, ಈಗ ಅದೂ ಇಲ್ಲ.”

ಮಾಯಮ್ಮ ಚಾಮಯ್ಯನನ್ನು ನೋಡಿದಳು. ಚಾಮಯ್ಯ ಹುಣಸೆಹುಳಿಯದೇ ತಪ್ಪು ಅಂದ.

“ಕಾದಾಡಬ್ಯಾಡ್ರಿ. ಟೈಮ್ ಐತೆ, ಆವಮ್ಮನ್ನ ಕರ್ಕೊಂಬನ್ನಿ,” ಅಂದರು ಗುರುಮಲ್ಲಪ್ಪ.

ಮಾಯಮ್ಮ ತಾನೇ ಹೋದಳು. ಸುಮಿತ್ರಾ ತಲೆನೋವು ಅಂದಳಂತೆ, ಹಸುವಿಗೆ ನೀರಿಟ್ಟಿಲ್ಲ ಅಂದಳಂತೆ. ಮಾಯಮ್ಮ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಸೊಸೈಟಿಯ ಮುಂದೆ ಆಗಲೇ ಊರಿನ ಅರ್ಧ ಸೇರಿತ್ತು. ಸುಮಿತ್ರಾ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಇಟ್ಟಳು. ಹೊಗೆಸೊಪ್ಪು ಕಡ್ಡಿಗೆ ಕಟ್ಟಿ ಕಟ್ಟಿ ಸವೆದ ಬೆರಳುಗಳು, ಒಂದೂ ನಡೆಯಲಿಲ್ಲ.

“ಎಡಗೈ ಇಡವ್ವ.”

ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಬ್ಯಾಡ ಬುಡಿ ಸಾಮಿ. ಒಂದ್ ತಿಂಗ್ಳು ರಾಗೀಲೇ ಕಳೀತೀವಿ.”

“ಅದ್ಯಾಕವ್ವ? ಇಡು ಇಡು,” ಅಂತ ಮಾಯಮ್ಮ ಆ ಕೈ ಎಳೆದು ಯಂತ್ರದ ಮೇಲೆ ಒತ್ತಿದಳು. ಯಂತ್ರ ಕೂಗಿತು. ಗುರುಮಲ್ಲಪ್ಪ ಬೆರಳು ಹಿಡಿದು ನೋಡಿ ಹಾವು ಮುಟ್ಟಿದವರ ಹಾಗೆ ಬಿಟ್ಟುಬಿಟ್ಟರು.

“ಅಯ್ಯೋ ಶಿವ್ನೆ! ಈವಮ್ಮಂಗೂ ಅದೇ ಆಣಿ!”

“ಅಂಟ್ರೋಗ!” ಅಂದ ಚಾಮಯ್ಯ. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಮಾಯಮ್ಮ ತನ್ನ ಕೈಯನ್ನೇ ಸೀರೆಗೆ ಒರೆಸಿಕೊಂಡಳು.

ಮಾದೇಶ ಮಾತ್ರ ಹತ್ತಿರ ಬಂದು ನೋಡಿದ. ಬೆರಳ ತುದಿಗಳಲ್ಲಿ ಅಡ್ಡಡ್ಡ ಗೆರೆ, ಉಂಗುರ ಬೆರಳಲ್ಲಿ ಎಲ್ಲಕ್ಕಿಂತ ಆಳ. ಬೇರೆ ಯಾರಿಗೆ ಗೊತ್ತಾಗದಿದ್ದರೂ ಅವನಿಗೆ ಗೊತ್ತಾಗದೆ ಇರುತ್ತದೆಯೇ? ತನ್ನದಕ್ಕಿಂತ ದಪ್ಪ ಜಡ್ಡು ಅದು. ಗುರುಮಲ್ಲಪ್ಪ ಬಾಗಿಲು ಹಾಕಿದರು. ಆ ತಿಂಗಳ ಅಕ್ಕಿ ಒಳಗೇ ಉಳಿಯಿತು.

ನಾಲೆ ಏರಿಯ ಮೇಲೆ ಇಬ್ಬರೇ ಬರುವಾಗ ಅವನು ಕೇಳಿದ. “ಯಾವಾಗ್ಲಿಂದ?”

“ನೀನು ಡೈರಿಗೆ ಓಗ್ತೀಯಲ್ಲ, ಆಗ. ನೀನ್ ಬರೋಗಂಟ.”

“ಸೌದೆ ಸೌದೆ ಅಂತಿದ್ದೆ?”

“ಇನ್ನೇನ್ ಅನ್ನದು? ದಿನಾ ನನ್ ಪದವ ತಗೊಂಡು ಸಾಯ್ಸ್ತಿದ್ದೆ. ಆ ತಿರುವಿಗ್ ಬಂದೇಟ್ಗೆ ಎಡವಿ ಬೀಳೋನು. ಎಷ್ಟ್ ದಿನ ಅಂತ ಕೇಳ್ಕೊಂಡಿರದು? ಅದು ಅಂಗಲ್ಲ ಅಂತ ನೋಡಾಕೆ ಒಂದಿನ ಎತ್ಕೊಂಡೆ. ಆಮೇಕೆ ಬುಡಕ್ಕಾಗ್ನಿಲ್ಲ.”

“ನಿನ್ ಪದ ಅಂತ ಗೊತ್ತಾಗಿತ್ತಾ ನಿಂಗೆ?”

“ಗೊತ್ತಾಗ್ದೆ ಏನು.”

“ಮತ್ತೆ ಒಂದಿನಾದ್ರೂ ದನಿ ಕೊಡ್ಬಾರ್ದಾಗಿತ್ತಾ? ನಾನು ಅದ್ನೇ ಕಾಯ್ತಾ ಕೂತಿದ್ನಲ್ಲೇ!”

ಸುಮಿತ್ರಾ ನಾಲೆಯ ಕಡೆ ನೋಡುತ್ತಾ ನಡೆದಳು. “ಕೊಡನ ಅಂತ ಬಾಯಿ ತೆಗ್ದೆ ಕಣ. ಬರ್ನಿಲ್ಲ. ಯಾವತ್ತು ಓಯ್ತೋ ಏನೋ, ಗಂಟ್ಲು ಮರ್ತುಬುಟ್ಟೈತೆ. ಬೆರಳಿಗಾದ್ರೂ ಬತ್ತದಲ್ಲ ಅಂತ ಬಾರಿಸ್ತಿದ್ದೆ.”

ಮಾದೇಶ ಅವಳ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದ. ಸ್ವಲ್ಪ ದೂರ ಬಂದ ಮೇಲೆ ಅವನಿಗೆ ಇನ್ನೊಂದು ಹೊಳೆಯಿತು. “ಅಂಗಾರೆ ಬೆಳಗ್ಗಿಂದ ನನ್ ಬೆರಳ ಯಾಕೆ ಅಂಗೆ ಉಜ್ಜಿಸ್ದೆ?”

“ನಿನ್ ಬೆರಳ ಮಿಷನ್ನು ಒಪ್ಕಂಬುಟ್ರೆ ನನ್ನ ಯಾರೂ ಕರಿಯಾಕಿಲ್ವಲ್ಲ ಅಂತ,” ಅಂದಳು ಸುಮಿತ್ರಾ. ಹೇಳಿ ಅವಳಿಗೇ ನಗು ಬಂತು.

ಮನೆಗೆ ಬಂದವನೇ ಅವನು ಗಿಟಾರನ್ನು ಇಳಿಸಿ ಅವಳ ತೊಡೆಯ ಮೇಲಿಟ್ಟ. ಅವಳು ಬಾಗಿಲ ಕಡೆ ಒಮ್ಮೆ ನೋಡಿ ಬಾರಿಸಿದಳು. ಮೊದಲ ಸಾಲು, ಎರಡನೇ ಸಾಲು, ತಿರುವು. ಅಲ್ಲಿ ಎಡವಲು ಏನಿತ್ತೋ, ಅವಳ ಬೆರಳು ಸುಮ್ಮನೆ ದಾಟಿಹೋಯಿತು. ಅವನೂ ತಡೆಯಲಾರದೆ “ಈಗ ಹೊಳೀತು, ಕೊಡು” ಅಂತ ಇಸಕೊಂಡು ಉಂಗುರ ಬೆರಳನ್ನು ತಂತಿಯ ಮೇಲೆ ಒತ್ತಿದ. ಪ್ರಾಣ ಹೋದಂತಾಯಿತು. ಬೆಳಿಗ್ಗೆ ಏನೂ ಅನ್ನದಿದ್ದ ತಂತಿ ಈಗ ಹಸೀ ಚರ್ಮಕ್ಕೆ ಕತ್ತಿಯ ಹಾಗೆ ಕೂತಿತು. ಅಯ್ಯಪ್ಪಾ ಅಂತ ಕೈ ಕೊಡವಿದ. ಮೊದಲ ಸಾಲೂ ಹೋಗಿತ್ತು.

“ಕೊಡು ಇತ್ಲಾಗಿ,” ಅಂತ ಸುಮಿತ್ರಾ ಗಿಟಾರು ತಗೊಂಡಳು. “ನಿಂದು ಗಟ್ಟಿ ಆಗೋಗಂಟ ನಾನೇ ಬಾರಿಸ್ತೀನಿ ಬುಡು.”

ಅಷ್ಟರಲ್ಲಿ ಹೊರಗೆ ಗಲಾಟೆಯಾಯಿತು. ಬಾಗಿಲು ಎಳೆದುಕೊಂಡು ಮಾದೇಶ ಜಗಲಿಗೆ ಬಂದ. ಬಿಸಿನೀರು, ಹರಳೆಣ್ಣೆ, ಕಲ್ಲು ಹಿಡಿದು ಮಾಯಮ್ಮ. ಅವಳ ಹಿಂದೆ ಚಾಮಯ್ಯ. ಅಂಟುರೋಗ ಊರಿಗೆ ಹಬ್ಬುವ ಮೊದಲು ಸುಮಿತ್ರಾಳ ಬೆರಳನ್ನೂ ಉಜ್ಜಿಯೇ ತೀರುವುದು ಅಂತ ತೀರ್ಮಾನವಾಗಿತ್ತು.

“ಎಲ್ಲವ್ಳೆ ಸುಮಿತ್ರಾ?”

“ಅವ್ಳು ಮನೇಲಿಲ್ಲ ಕಣಕ್ಕ. ತವರಿಗೋದ್ಲು.”

“ಈಗಿನ್ನೂ ನಿನ್ ಜೊತೇಲಿ ಬಂದ್ಲಲ್ಲೋ! ಮತ್ತೆ ಒಳ್ಗಡೆ ಬಾರಿಸ್ತಿರೋರು ಯಾರು?”

ಒಳಗೆ ಹಾಡು ಎರಡನೇ ಸಾಲಿಗೆ ಬರುತ್ತಿತ್ತು. ಮಾದೇಶ ಎರಡೂ ಬರಿಗೈಗಳನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತ.

“ನಾನೇ ಕಣಕ್ಕ,” ಅಂದ.

ಮಾಯಮ್ಮ ಅವನನ್ನು ನೋಡಿದಳು. ಚಾಮಯ್ಯನನ್ನು ನೋಡಿದಳು. “ಅಯ್ಯೋ ಪಾಪ, ನಂಜು ತಲೆಗೇರೈತೆ,” ಅಂದವಳೇ ಅವನನ್ನು ಜಗಲಿಯ ಮೇಲೆ ಕುಕ್ಕಿ ಕೂರಿಸಿ, ತಂದಿದ್ದ ಹರಳೆಣ್ಣೆಯನ್ನೆಲ್ಲ ನೆತ್ತಿಗೆ ಸುರಿದು ತಟ್ಟತೊಡಗಿದಳು. ಮಾದೇಶ ಕೊಸರಲಿಲ್ಲ. ಎಣ್ಣೆ ಕಿವಿಗೆ ಇಳಿಯದಂತೆ ಒಂದು ಕೈ ಅಡ್ಡ ಹಿಡಿದು, ತಿರುವು ಬರುವುದನ್ನೇ ಕಾಯುತ್ತಾ ಕೂತ.