ದವಡೆ ಬೆಟ್ಟದ ಕದನ

ಜಗಳಕ್ಕೆಲ್ಲ ಮೂಲ ಒಂದು ಊಟದ ಮೇಜು. ಆರು ಮಂದಿ ಆರಾಮಾಗಿ ಕೂರಬಹುದಾದ ಆ ಮೇಜಿನ ಮೇಲೆ ಯಾರೂ ಊಟ ಮಾಡಿ ಮೂರು ತಿಂಗಳಾಗಿತ್ತು. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದರು. ಯಾಕೆಂದರೆ ಮೇಜಿನ ಮೇಲೆ ಯುದ್ಧ ನಡೆಯುತ್ತಿತ್ತು.

ಯುದ್ಧ ಅಂದರೆ ಗಾಬರಿ ಬೀಳಬೇಡಿ. ಹೆಬ್ಬೆರಳಿನುದ್ದದ ಬೊಂಬೆ ಸೈನಿಕರು, ಬೊಂಬೆ ಕುದುರೆಗಳು. ದಾಳ ಉರುಳಿಸುವುದು, ಬಿದ್ದಷ್ಟು ಅಂಗುಲ ಅಳೆದು ಸೈನಿಕರನ್ನು ನಡೆಸುವುದು, ಎದುರಿನವನ ಸೈನಿಕರನ್ನು ಉರುಳಿಸುವುದು. ಆರು ಸುತ್ತು ಮುಗಿದಾಗ ನಡುವಿನ ಬೆಟ್ಟದ ಮೇಲೆ ಯಾರ ಬಾವುಟ ಇರುತ್ತದೋ ಅವನು ಗೆದ್ದ ಹಾಗೆ. ಮಕ್ಕಳ ಆಟ ಅಂತ ನೀವು ಅಂದುಕೊಳ್ಳಬಹುದು. ಮಕ್ಕಳಾಗಿದ್ದರೆ ಅರ್ಧ ಗಂಟೆಗೆ ಬೇಜಾರಾಗಿ ಎದ್ದು ಹೋಗುತ್ತಿದ್ದರು. ಇವರು ಬೆಳೆದ ಗಂಡಸರು, ಭಾನುವಾರ ಇಡೀ ಆಡುತ್ತಿದ್ದರು.

ಮನೆಯ ಯಜಮಾನ ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಅದಕ್ಕೆ ಹೊಂದುವ ಸೆಟ್ಟು ಮಾಡಿಕೊಡುತ್ತಿದ್ದ. ಒಸಡಿಗೆ ಬಳಸಿ ಮಿಕ್ಕ ಗುಲಾಬಿ ಪುಡಿಯಲ್ಲಿ ನಲವತ್ತು ಸೈನಿಕರನ್ನು ಎರಕ ಹೊಯ್ದಿದ್ದ. ಬಳಿದ ಬಣ್ಣ ಎರಡೇ ವಾರಕ್ಕೆ ಉದುರಿ, ಇಡೀ ಸೈನ್ಯ ಈಗ ಒಸಡಿನ ಬಣ್ಣದಲ್ಲೇ ನಿಂತಿತ್ತು. ಕಟ್ಟಡದವರೆಲ್ಲ ಅವನನ್ನು ದಂಡನಾಯಕ ಎಂದು ಕರೆಯುತ್ತಿದ್ದರು. ಅದು ಗೌರವ ಅಂತಲೇ ಆ ಮಹಾನುಭಾವ ತಿಳಿದುಕೊಂಡಿದ್ದ.

ಎದುರಾಳಿ ಅವನ ಶಾಲೆಯ ಗೆಳೆಯ. ಜಮೀನು ಅಳೆಯುವ ಸರ್ವೆಯವನು. ಸೊಂಟದಲ್ಲಿ ಸದಾ ಉಕ್ಕಿನ ಟೇಪು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವನ ಹೆಸರೇ ಟೇಪು ಅಂತಾಗಿತ್ತು. ಇಬ್ಬರೂ ಇದುವರೆಗೆ ಹನ್ನೊಂದು ಯುದ್ಧ ಮಾಡಿದ್ದರು. ಹನ್ನೊಂದನ್ನೂ ಟೇಪು ಗೆದ್ದಿದ್ದ. ಊರಲ್ಲಿ ಈ ಆಟ ಬಲ್ಲ ಮೂರನೆಯವನು ಇರಲಿಲ್ಲ. ಇದ್ದಿದ್ದರೆ ಅವನೂ ದಂಡನಾಯಕನನ್ನು ಸೋಲಿಸುತ್ತಿದ್ದ.

ದಂಡನಾಯಕನ ಹೆಂಡತಿ ಪರದೆ ಹೊಲಿಯುತ್ತಿದ್ದಳು. ಎಂಟು ಮೊಳದ ಬಟ್ಟೆಯನ್ನು ನೆಲದ ಮೇಲೆ ಹರಡಿ, ಮಂಡಿಯೂರಿ ಕತ್ತರಿಸಿ ಕತ್ತರಿಸಿ ಅವಳ ಮಂಡಿ ಚಿಪ್ಪು ನೋಯತೊಡಗಿತ್ತು. ಶನಿವಾರ ಸಂಜೆ ಅವಳು ಕತ್ತರಿ ಕೆಳಗಿಟ್ಟು ಹೇಳಿದಳು.

"ರೀ, ನಾಳೆ ನೀವು ಗೆದ್ರೆ ಮೇಜು ನಿಮ್ದು. ಸಾಯೋತನಕ ನಾನು ಬಾಯಿ ಬಿಡಲ್ಲ. ಸೋತ್ರೆ ಮೇಜು ನನ್ ಮಿಷನ್‌ಗೆ, ಈ ಆಟಾನೂ ಬಂದ್. ಒಪ್ಪಿಗೆನಾ?"

"ಒಪ್ಪಿಗೆ," ಅಂದ ದಂಡನಾಯಕ. ಅಂದ ಮೇಲೆ ಹನ್ನೊಂದು ಅನ್ನುವ ಸಂಖ್ಯೆ ನೆನಪಾಯಿತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಟೇಪು ತನ್ನ ಸೈನ್ಯದ ಡಬ್ಬಿ ಹಿಡಿದು ಬಂದ. ಹೆಂಡತಿ ಹೊಲಿಗೆ ಮಿಷನ್ನನ್ನು ಹಾಲಿನ ಬಾಗಿಲಿಗೆ ತಂದಿಟ್ಟು, ಯಾರನ್ನೂ ನೋಡದೆ ಅದಕ್ಕೆ ಎಣ್ಣೆ ಬಿಡುತ್ತ ಕೂತಳು.

ಮೇಜಿನ ನಡುವೆ ಬೆಟ್ಟ. ಬೆಟ್ಟವೆಂದರೆ ಕೆಲಸದ ಕೋಣೆಯಿಂದ ಎತ್ತಿ ತಂದ ಒಂದು ಗಾರೆಯ ದವಡೆ, ಯಾರದೋ ಬಾಯಿಯ ಅಚ್ಚು. ಮೊದಲ ಸುತ್ತಿನಲ್ಲೇ ದಂಡನಾಯಕನಿಗೆ ದಾಳ ಒಲಿಯಿತು. ಅವನ ಬಾವುಟದವನು ದವಡೆಯ ನೆತ್ತಿ ಹತ್ತಿ ನಿಂತ.

ಸಂತೋಷ ಬಹಳ ಹೊತ್ತು ನಿಲ್ಲಲಿಲ್ಲ. ಎರಡನೆಯ ಸುತ್ತಿಗೆ ಟೇಪುವಿನ ಬಿಲ್ಲಿನವರು ಎಡಗಡೆಯಿಂದ ಬಂದು ಒಂಬತ್ತು ಗುಲಾಬಿ ಸೈನಿಕರನ್ನು ಮಲಗಿಸಿದರು.

"ಅಲ್ಲಿಂದ ನನ್ನೋರು ಕಾಣಲ್ಲ ಕಣೋ. ಬೆಟ್ಟ ಅಡ್ಡ ಬರುತ್ತೆ," ಅಂದ ದಂಡನಾಯಕ.

"ಕಾಣುತ್ತೆ."

ಸೈನಿಕನ ಕಣ್ಣಿಗೆ ಎದುರಿನವನು ಕಾಣುತ್ತಾನೋ ಇಲ್ಲವೋ ಎಂದು ನೋಡಲು ದಂಡನಾಯಕನ ಬಳಿ ಒಂದು ಉಪಾಯವಿತ್ತು. ಬಾಯೊಳಗಿನ ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿ. ಅದನ್ನು ಬಿಲ್ಲಿನವನ ಮೂಗಿನ ಪಕ್ಕ ಇಟ್ಟು, ಗಲ್ಲವನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದ. ಗುಲಾಬಿ ಸೈನಿಕರು ಕಂಡರು, ಒಂಬತ್ತಕ್ಕೆ ಒಂಬತ್ತೂ ಚೆನ್ನಾಗಿ ಕಂಡರು.

ಅಷ್ಟರಲ್ಲಿ ಎದುರು ಮನೆಯ ನರ್ಸಮ್ಮ ತನ್ನ ಪರದೆ ಆಯಿತಾ ಎಂದು ಕೇಳಲು ಬಂದವಳು ಮೇಜಿನ ಬಳಿ ನಿಂತಳು.

"ಇವ್ರ್ಯಾಕೆ ಬಿದ್ಕೊಂಡಿದಾರೆ?"

"ಸತ್ತಿದಾರೆ," ಅಂದ ಟೇಪು, ಅಳೆಯುತ್ತಲೇ.

"ಯಾರು ಹೇಳಿದ್ದು? ನಾಡಿ ನೋಡಿದೀರಾ?"

ಗೆಳೆಯರಿಬ್ಬರೂ ಕಾಲಂಗುಲಕ್ಕಾಗಿ ಉಕ್ಕಿನ ಟೇಪಿನ ಎರಡು ತುದಿ ಹಿಡಿದು ಕಿತ್ತಾಡುತ್ತಿರುವಾಗ ನರ್ಸಮ್ಮ ಒಂಬತ್ತು ಹೆಣಗಳನ್ನೂ ಒಂದೊಂದಾಗಿ ಎಬ್ಬಿಸಿ, ಆಸ್ಪತ್ರೆಯ ಸಾಲಿನಂತೆ ಓರಣವಾಗಿ ನಿಲ್ಲಿಸಿಬಿಟ್ಟಳು.

"ನರ್ಸಮ್ಮ, ಸತ್ತೋರನ್ನ ಎಬ್ಬಿಸ್ಬಾರ್ದು," ಅಂದ ಟೇಪು ಹಲ್ಲು ಕಚ್ಚಿಕೊಂಡು.

"ಮೂವತ್ತು ವರ್ಷದಿಂದ ನನ್ಗೆ ಸಂಬಳ ಕೊಡ್ತಿರೋದೇ ಅದಕ್ಕೆ."

"ಒಂದ್ಸಲ ಎದ್ದೋರನ್ನ ಮತ್ತೆ ಮಲಗ್ಸೋದು ಪಾಪ ಕಣೋ," ಅಂದ ದಂಡನಾಯಕ, ಮುಖದಲ್ಲಿ ಕರುಣೆ ತುಂಬಿಕೊಂಡು. ಆ ಕರುಣೆ ಎದುರಾಳಿಯ ಸೈನಿಕರ ಮೇಲೆ ಅವನಿಗೆ ಎಂದೂ ಬಂದಿರಲಿಲ್ಲ. ಕಡೆಗೆ ಚೌಕಾಸಿ ನಡೆದು, ಐವರು ಬದುಕುವುದು, ನಾಲ್ವರು ಸಾಯುವುದು ಎಂದಾಯಿತು. ಯಾವ ನಾಲ್ವರು ಎಂಬುದನ್ನು ನರ್ಸಮ್ಮನೇ ಆರಿಸಿದಳು. ಆಮೇಲೆ ಪರದೆಯ ವಿಷಯ ಮರೆತು ಸೋಫಾದಲ್ಲಿ ಕೂತಳು.

ಮೂರನೆಯ ಸುತ್ತಿಗೆ ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ಮೂವತ್ತೈದು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು. ಅವರ ಬಾಯಲ್ಲಿದ್ದದ್ದು ದಂಡನಾಯಕ ಮಾಡಿಕೊಟ್ಟ ಸೆಟ್ಟು. ಹಾಕಿಕೊಂಡ ದಿನದಿಂದ ಅವರಿಗೆ ಶ, ಷ, ಸ ಮೂರೂ ಒಂದೇ ಆಗಿಹೋಗಿ, ಮಾತಿಗೊಮ್ಮೆ ಸಿಳ್ಳೆ ಹೊರಡುತ್ತಿತ್ತು. ಅದನ್ನೇ ವಿಚಾರಿಸೋಣ ಎಂದು ಬಂದವರು ಮೇಜಿನ ಮೇಲಿನ ಬೆಟ್ಟವನ್ನು ದಿಟ್ಟಿಸಿ ನೋಡಿದರು.

"ಇದು ನನ್ ದವಡೆ ಅಲ್ವೇನಯ್ಯಾ?"

ದಂಡನಾಯಕ ಉಗುಳು ನುಂಗಿದ. "ಊರಲ್ಲಿ ಇಷ್ಟು ಗಟ್ಟಿಮುಟ್ಟಾದ ದವಡೆ ಇನ್ನೊಂದಿಲ್ಲ ಮೇಷ್ಟ್ರೇ. ಅದಕ್ಕೇ ಇದನ್ನೇ ಇಟ್ಟೆ."

ಮೇಷ್ಟ್ರು ಬೈಯಲು ತೆರೆದ ಬಾಯಿ ಮುಚ್ಚಿದರು. ಹೊಗಳಿಕೆ ಕೇಳಿ ಬಹಳ ದಿನವಾಗಿತ್ತು. ತಮ್ಮ ದವಡೆ ಯಾರ ಪಾಲಾಗುತ್ತದೋ ನೋಡಿಯೇ ಹೋಗೋಣವೆಂದು ಕುರ್ಚಿ ಎಳೆದುಕೊಂಡರು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಜೀವ, ಕೈಗೆ ಸಿಕ್ಕಿದ ಒಂದು ನೋಟ್‌ಬುಕ್ ತೆಗೆದುಕೊಂಡು ಓದಲು ಶುರುಮಾಡಿದರು.

ಅದು ಆಟದ ನಿಯಮಗಳ ಪುಸ್ತಕ. ಮೂಲ ಯಾವುದೋ ಪರದೇಶದ ಭಾಷೆಯಲ್ಲಿತ್ತು. ದಂಡನಾಯಕ ಎಂಟು ತಿಂಗಳು ನಿಘಂಟು ಮುಂದಿಟ್ಟುಕೊಂಡು ಅದನ್ನು ತಾನೇ ಕನ್ನಡಕ್ಕೆ ಇಳಿಸಿದ್ದ. ಆಮೇಲೆ ಮೂಲವನ್ನು ಗೆದ್ದಲು ತಿಂದಿತು. ಹಾಗಾಗಿ ಈ ಜಗತ್ತಿನಲ್ಲಿ ಆ ಆಟಕ್ಕೆ ಇದ್ದ ಆಧಾರವೆಂದರೆ ದಂಡನಾಯಕನ ಕನ್ನಡ ಒಂದೇ. ಮೇಷ್ಟ್ರು ಎರಡು ಪುಟ ಓದಿ ಜೇಬಿನಿಂದ ಕೆಂಪು ಪೆನ್ನು ತೆಗೆದರು.

"ದಾಳಿಗೆ ಮಹಾಪ್ರಾಣ ಯಾಕಯ್ಯಾ ಹಾಕಿದೀಯ? ಧಾಳಿ, ಧಾಳಿ. ನಲವತ್ ಕಡೆ."

"ಜೋರಾಗಿರ್ಲಿ ಅಂತ ಮೇಷ್ಟ್ರೇ," ಅಂದ ದಂಡನಾಯಕ, ಇನ್ನೂ ಮೂವರು ಸೈನಿಕರನ್ನು ಕಳೆದುಕೊಳ್ಳುತ್ತ.

ನಾಲ್ಕು, ಐದನೆಯ ಸುತ್ತು ಮುಗಿಯುವ ಹೊತ್ತಿಗೆ ಗುಲಾಬಿ ಸೈನ್ಯದಲ್ಲಿ ಉಳಿದದ್ದು ಬೆಟ್ಟದ ಮೇಲಿನ ಬಾವುಟದವನು ಒಬ್ಬನೇ. ಆರನೆಯ ಸುತ್ತು, ಕೊನೆಯ ಆಟ ಟೇಪುವಿನದು. ಅವನ ಕುದುರೆಗಳು ದವಡೆಯ ಎದುರಿಗೆ, ಸುಮಾರು ಒಂದಡಿ ದೂರದಲ್ಲಿ ನಿಂತಿದ್ದವು. ಹತ್ತಿ ಬಾವುಟದವನನ್ನು ಕೆಡವಬೇಕಾದರೆ ಹನ್ನೆರಡು ಅಂಗುಲ ಬೇಕು. ಎರಡು ದಾಳದಲ್ಲೂ ಆರು ಬೀಳಬೇಕು. ಮೂರು ತಿಂಗಳಲ್ಲಿ ಇವರಿಬ್ಬರ ಮೇಜಿನ ಮೇಲೆ ಒಮ್ಮೆಯೂ ಹಾಗೆ ಬಿದ್ದಿರಲಿಲ್ಲ.

ಟೇಪು ದಾಳ ಉರುಳಿಸಿದ. ಆರು ಬಿತ್ತು. ಇನ್ನೊಂದು ಅಷ್ಟು ದೂರ ಹೊರಳಿ, ಅದೂ ಆರಕ್ಕೇ ನಿಂತಿತು.

ಹೆಂಡತಿ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು. ಟೇಪು ಕುದುರೆಯ ಮೇಲೆ ಕೈ ಇಟ್ಟ.

"ಸ್ವಲ್ಪ ತಡಿ," ಅಂದರು ಮೇಷ್ಟ್ರು ಸಿಳ್ಳೆಯೊಂದಿಗೆ. "ಇಲ್ಲೊಂದು ನಿಯಮ ಇದೆ. 'ಎರಡೂ ದಾಳಗಳಲ್ಲಿ ಆರು ಬಿದ್ದಲ್ಲಿ ಕುದುರೆಯ ಧಾಳಿಯನ್ನು ಮುಂದಕ್ಕೆ ಹಾಕತಕ್ಕದ್ದು.'"

"ಅದೇ ಮಾಡ್ತಿದೀನಿ ಮೇಷ್ಟ್ರೇ. ಮುಂದಕ್ಕೆ ಹಾಕ್ತಿದೀನಿ," ಎಂದು ಟೇಪು ಕುದುರೆಯನ್ನು ಮುಂದೆ ತಳ್ಳಿದ.

"ಮದುವೆ ಮುಂದಕ್ಕೆ ಹಾಕಿದ್ರು ಅಂದ್ರೆ ಏನಪ್ಪಾ ಅರ್ಥ? ಮದುವೆ ಗಂಡನ್ನ ಮುಂದಕ್ಕೆ ತಳ್ಳಿದ್ರು ಅಂತಲಾ? ಪರೀಕ್ಷೆ ಮುಂದಕ್ಕೆ ಹಾಕಿದ್ರು ಅಂದ್ರೆ? ಮುಂದೂಡಿದ್ರು ಅಂತ. ದಾಳಿ ಮುಂದೂಡಬೇಕು. ಇವತ್ತು ಮಾಡೋ ಹಾಗಿಲ್ಲ."

ಟೇಪುವಿನ ಕೈ ಕುದುರೆಯ ಮೇಲೇ ಉಳಿಯಿತು.

"ಬರೆದೋನು ಇಲ್ಲೇ ಇದಾನಲ್ಲ," ಅಂದಳು ನರ್ಸಮ್ಮ. "ಅವನ್ನೇ ಕೇಳಿ."

ದಂಡನಾಯಕನಿಗೆ ಎಲ್ಲ ನಿಚ್ಚಳವಾಗಿ ನೆನಪಿತ್ತು. ಮುನ್ನುಗ್ಗುವುದು ಎಂಬ ಮಾತು ಅಂದು ಹೊಳೆಯದೆ, ಕುದುರೆಯನ್ನು ಎತ್ತಿ ಮುಂದಕ್ಕೆ ಇಡುವುದಲ್ಲವೇ ಎಂದು ಹಾಗೆ ಬರೆದಿದ್ದ. ಅವನು ಟೇಪುವಿನ ಮುಖ ನೋಡಿದ. ಆಮೇಲೆ ಬಾಗಿಲಲ್ಲಿದ್ದ ಮಿಷನ್ನನ್ನು ನೋಡಿದ.

"ಮುಂದೂಡೋದು ಅಂತಲೇ ಬರೆದಿದ್ದು," ಅಂದ. ಅವನ ಕಿವಿ ಅವನ ಸೈನ್ಯದ ಬಣ್ಣಕ್ಕೆ ತಿರುಗಿತು.

"ಆರು ಆರು ಬಿದ್ದಾಗ ಯಾರಾದ್ರೂ ದಾಳಿ ಮುಂದೂಡ್ತಾರೇನೋ?"

"ಜಾಸ್ತಿ ಜೋರಾದ್ರೆ ಕುದುರೆ ಬೆದರುತ್ತೆ ಕಣೋ. ಅದಕ್ಕೆ."

"ಯಾವಾಗಕ್ಕೆ ಮುಂದೂಡೋದು?"

"ಮುಂದಿನ ಸುತ್ತಿಗೆ."

"ಇದೇ ಕೊನೇ ಸುತ್ತು."

"ಹೌದಲ್ವಾ," ಅಂದ ದಂಡನಾಯಕ, ಆಗ ತಾನೇ ಹೊಳೆದವನ ಹಾಗೆ.

ಟೇಪು ಕುದುರೆಯಿಂದ ಕೈ ತೆಗೆದ. ನರ್ಸಮ್ಮ ಚಪ್ಪಾಳೆ ತಟ್ಟಿದಳು. ಹೆಂಡತಿ ಬಾಗಿ, ಮಿಷನ್ನನ್ನು ಮತ್ತೆ ಎತ್ತಿಕೊಳ್ಳಲು ಹೋದಳು. ದಂಡನಾಯಕ ಎದೆ ಉಬ್ಬಿಸಿ ನಿಂತ. ಹನ್ನೊಂದು ಸೋಲಿನ ಮೇಲೆ ಬಂದ ಗೆಲುವು. ಅದು ಎಲ್ಲಿಂದ ಬಂತು ಅನ್ನುವುದನ್ನು ಅವನು ಆಗಲೇ ಮರೆಯತೊಡಗಿದ್ದ.

ಟೇಪು ತನ್ನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒರೆಸಿ ಡಬ್ಬಿಗೆ ತುಂಬಿದ. ಮುಚ್ಚಳ ಹಾಕಿ, ಡಬ್ಬಿಯನ್ನು ದಂಡನಾಯಕನ ಕೈಗೆ ಕೊಟ್ಟ.

"ಇದನ್ನ ನೀನೇ ಇಟ್ಕೋ ಕಣೋ."

"ಯಾಕೋ?"

"ಮನೇಲಿ ಮಾತು ಕೊಟ್ಬಿಟ್ಟಿದೀನಿ. ಒಂದೇ ಒಂದ್ಸಲ ಸೋತ್ರೂ ಅವತ್ತಿಂದ ಆಟ ಬಿಡ್ತೀನಿ, ಭಾನುವಾರ ಮನೇಲೇ ಇರ್ತೀನಿ ಅಂತ. ಹನ್ನೊಂದು ಸಲ ಸೋತು ನೀನೇ ನನ್ನ ಉಳ್ಸಿದೆ." ಟೇಪು ಡಬ್ಬಿಯ ಮುಚ್ಚಳ ಒಮ್ಮೆ ಸವರಿದ. "ಇರ್ಲಿ ಬಿಡು. ನೀನೂ ಒಂದ್ಸಲ ಗೆಲ್ಬೇಕಲ್ಲ."

ದಂಡನಾಯಕ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ. ಮೇಜಿತ್ತು. ಎರಡು ಸೈನ್ಯಗಳಿದ್ದವು. ಆಡುವವನು ಹೊರಡಲು ಚಪ್ಪಲಿ ಹುಡುಕುತ್ತಿದ್ದ. ಇನ್ನು ಸಾಯುವತನಕ ಭಾನುವಾರ ಭಾನುವಾರ ತನ್ನ ಎಡಗೈ ಮೇಲೆ ತನ್ನ ಬಲಗೈಯಲ್ಲೇ ಯುದ್ಧ ಸಾರಬೇಕು.

"ನಿಲ್ಲೋ," ಎಂದು ಕೂಗಿದ. "ಸುಳ್ಳು ಹೇಳ್ದೆ ಕಣೋ. ಮುನ್ನುಗ್ಗೋದು ಅಂತಲೇ ನಾನು ಬರೆದಿದ್ದು. ಮುಂದೂಡೋದಲ್ಲ. ನಿನ್ನ ಕುದುರೆ ಬೆಟ್ಟ ಹತ್ತಿತ್ತು. ನೀನೇ ಗೆದ್ದೆ."

"ನಿಜವಾಗ್ಲೂ?"

"ನನ್ನಾಣೆ. ನೀನು ಸೋತಿಲ್ಲ. ಹನ್ನೆರಡಕ್ಕೆ ಹನ್ನೆರಡೂ ನಿಂದೇ."

ಟೇಪು ಓಡಿ ಬಂದು ಅವನನ್ನು ತಬ್ಬಿಕೊಂಡ. ಇಬ್ಬರ ಕಣ್ಣಲ್ಲೂ ನೀರು ಬಂತು. ನರ್ಸಮ್ಮ ಮತ್ತೆ ಚಪ್ಪಾಳೆ ತಟ್ಟಿದಳು, ಯಾರಿಗಾದರೇನು ಅವಳಿಗೆ.

"ಮೇಷ್ಟ್ರೇ," ಅಂದಳು ಹೆಂಡತಿ, ಮಿಷನ್ನನ್ನು ಅರ್ಧ ಎತ್ತಿಕೊಂಡೇ. "ಅವರು ಗೆದ್ರು ಅಂದ್ರೆ ಇವರು ಸೋತ್ರು ಅಂತ ತಾನೇ? ಇದ್ರಲ್ಲೇನಾದ್ರೂ ಎರಡರ್ಥ ಇದ್ಯಾ?"

"ಇಲ್ಲಮ್ಮಾ. ಒಂದೇ ಅರ್ಥ."

ಅವಳು ಮಿಷನ್ನನ್ನು ತಂದು ಮೇಜಿನ ಮೇಲೆ ಧೊಪ್ಪನೆ ಇಟ್ಟಳು. ಬಾವುಟದವನು ದವಡೆಯಿಂದ ಉರುಳಿ ನೆಲಕ್ಕೆ ಬಿದ್ದ. "ಆಟ ಬಂದ್ ಅಂತಾನೂ ಆಗಿತ್ತು, ನೆನಪಿದ್ಯಲ್ಲ?" ಅಂದಳು ಗಂಡನಿಗೆ, ಸಮಾಧಾನವಾಗಿಯೇ.

ದಂಡನಾಯಕ ಬಗ್ಗಿ ಬಾವುಟದವನನ್ನು ನೆಲದಿಂದ ಎತ್ತಿಕೊಂಡ.

ಟೇಪು ಅವನ ಕೈಯಿಂದ ತನ್ನ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಹಾಗಾದ್ರೆ ಮುಂದಿನ ಭಾನುವಾರ ಹತ್ತಕ್ಕೆ?"

ದಂಡನಾಯಕನ ಮುಖ ಅರಳಿತು. ಹೆಂಡತಿ ಏನಾದರೂ ಅನ್ನಲಿ, ಗೆಳೆಯ ಬಿಟ್ಟುಕೊಡುವವನಲ್ಲ.

"ಹತ್ತಕ್ಕೆ ಸರಿಯಾಗಿ ಬಾ," ಅಂದರು ಮೇಷ್ಟ್ರು. "ನಮ್ಮನೆ ಮೇಜು ಇದಕ್ಕಿಂತ ಒಂದು ಗೇಣು ಉದ್ದ ಇದೆ. ನಿಯಮಾನೆಲ್ಲ ಅಷ್ಟರಲ್ಲಿ ನಾನು ಶುದ್ಧ ಕನ್ನಡದಲ್ಲಿ ಬರೆದಿಟ್ಟಿರ್ತೀನಿ." ನೋಟ್‌ಬುಕ್ಕು ಆಗಲೇ ಅವರ ಕಂಕುಳಲ್ಲಿತ್ತು. ಅವರು ಗುಲಾಬಿ ಸೈನಿಕರನ್ನು ಟ್ರೇಗೆ ತುಂಬಿಕೊಳ್ಳುತ್ತಿದ್ದರು. "ನೀನಂತೂ ಆಡಲ್ವಲ್ಲಯ್ಯಾ. ಇಲ್ಲಿದ್ರೆ ಸುಮ್ನೆ ಧೂಳು ಹಿಡಿಯುತ್ತೆ."

ಇಬ್ಬರೂ ಮಾತಾಡುತ್ತ ಮೆಟ್ಟಿಲು ಹತ್ತಿದರು. ಟೇಪು ಉದ್ದ ಅಗಲ ಕೇಳುತ್ತಿದ್ದ, ಮೇಷ್ಟ್ರು ಸಿಳ್ಳೆ ಹಾಕುತ್ತ ಉತ್ತರ ಕೊಡುತ್ತಿದ್ದರು.

"ರೀ, ಸುಮ್ನೆ ನಿಂತಿದೀರಲ್ಲ, ಆ ತುದಿ ಹಿಡ್ಕೊಳ್ಳಿ," ಅಂದಳು ಹೆಂಡತಿ, ನರ್ಸಮ್ಮನ ಪರದೆ ಬಟ್ಟೆಯನ್ನು ಮೇಜಿನ ಮೇಲೆ ಹರಡುತ್ತ. "ಎಳೀಬೇಡಿ. ನೆಟ್ಟಗೆ ಹಿಡೀರಿ."

ದಂಡನಾಯಕ ನೆಟ್ಟಗೆ ಹಿಡಿದು ನಿಂತ. ಮೇಲಿನ ಮನೆಯಲ್ಲಿ ಮೇಜು ಎಳೆಯುವ ಸದ್ದು ಕೇಳುತ್ತಿತ್ತು.