ನಡುಮಧ್ಯಾಹ್ನ ಹೆಡ್‌ಲೈಟ್ ಹಚ್ಚಿದ ಕಾಕಾ

ನಮ್ಮ ಕಾಕಾನಿಗೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ ಎಂದು ಉಣಕಲ್ಲಿನಿಂದ ಅಮರಗೋಳದವರೆಗೆ ಎಲ್ಲರೂ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ನೆತ್ತಿ ಸುಡುವ ಬಿಸಿಲಿನಲ್ಲಿ ಕಾಕಾ, ಇಪ್ಪತ್ತೈದು ವರ್ಷದ ಹಳೆಯ ಮೋಟರ್‌ಸೈಕಲ್ಲಿಗೆ ಹೆಡ್‌ಲೈಟ್ ಹಚ್ಚಿಕೊಂಡು ಹೊರಟುಬಿಡುತ್ತಿದ್ದರು! ಎದುರಿಗೆ ಬಂದ ಪ್ರತಿಯೊಬ್ಬ ಪುಣ್ಯಾತ್ಮನೂ ಬೆರಳು ಮುಚ್ಚಿ ಬಿಚ್ಚಿ ‘ಲೈಟು, ಲೈಟು’ ಎಂದು ಸನ್ನೆ ಮಾಡುವವನೇ. ಕಾಕಾ ಯಾರನ್ನೂ ನಿರಾಸೆಗೊಳಿಸುತ್ತಿರಲಿಲ್ಲ. “ಗೊತ್ತೈತ್ರೀ!” ಎಂದು ಕೂಗಿಯೇ ಮುಂದೆ ಹೋಗುವುದು. ಮಾರ್ಕೆಟ್ ಯಾರ್ಡಿನ ತಮ್ಮ ಕಾಳಿನ ಅಂಗಡಿ ಮುಟ್ಟುವಷ್ಟರಲ್ಲಿ ಗಂಟಲು ಬಿದ್ದುಹೋಗಿ, ಅರ್ಧ ವ್ಯಾಪಾರ ಕೈಸನ್ನೆಯಲ್ಲೇ ನಡೆಯುತ್ತಿತ್ತು.

“ಯಾಕ ಕಾಕಾ ಈ ಹುಚ್ಚು?” ಎಂದೆ ನಾನು.

“ಹುಚ್ಚಲ್ಲೋ ತಮ್ಮಾ. ಗಾಡಿ ಓಡಿದಂಗ ಬ್ಯಾಟರಿಗೆ ಚಾರ್ಜ್ ಹೊಕ್ಕೈತಿ. ಸಾಕಾತು ಅಂತ ತಡಿಯಾಕ ರೆಗ್ಯುಲೇಟರ್ ಇರತೈತಿ. ನಮ್ಮದು ತಡಿಯಾಂಗಿಲ್ಲ, ಹೊಸಾ ಅಳಿಯಗ ಹೋಳಿಗಿ ಬಡಿಸಿದಂಗ ಬಡಸ್ಕೋತನ ಹೊಂಟೈತಿ! ಲೈಟ್ ಹಚ್ಚಿದ್ರ ಅಷ್ಟರ ಕರಗತೈತಿ.”

ಈ ಹೋಳಿಗೆಯ ಹಿಂದೆ ಒಂದು ಗೃಹಕಲಹವಿತ್ತು. ಹೋದ ವರ್ಷ ಹೀಗೇ ಅತಿಯಾಗಿ ಉಂಡ ಬ್ಯಾಟರಿ ಕುದ್ದು, ಅದರ ಸಣ್ಣ ಪೈಪಿನಿಂದ ಆ್ಯಸಿಡ್ ನೀರು ಉಕ್ಕಿ, ಹಿಂದೆ ಕುಳಿತಿದ್ದ ಅವರ ಹೆಂಡತಿ, ನಮ್ಮ ಕಾಕುವಿನ ಸೀರೆಗೆ ಸಿಡಿದಿತ್ತು. ಆಗ ಏನೂ ಕಾಣಲಿಲ್ಲ. ಒಗೆದು ಹಿಂಡಿದರೆ ನೆರಿಗೆಯ ತುಂಬ ತೂತು! ಅದೂ ಎಂಥ ಸೀರೆ? ತೀರಿಕೊಂಡ ಅವರವ್ವ ಕೊನೆಯ ಸಲ ಉಡಿಸಿ ಕಳಿಸಿದ ಕರಿ ಇಳಕಲ್ ಸೀರೆ. ಕಾಕು ಅಳಲಿಲ್ಲ, ಬೈಯಲೂ ಇಲ್ಲ. “ಇನ್ನ ನಿಮ್ಮ ಗಾಡಿ ಮ್ಯಾಲೆ ನಾ ಕೂಡಂಗಿಲ್ಲರಿ” ಎಂದರು, ಅಷ್ಟೇ.

ಅಂದಿನಿಂದ ಕಾಕಾನಿಗೆ ಒಂದೇ ಧ್ಯಾಸ: ಆ ಹಿಂದಿನ ಸೀಟು ಮತ್ತೆ ತುಂಬಬೇಕು. ಹ್ಯಾಂಡಲ್ಲಿಗೆ ದಾರದಿಂದ ಬ್ಯಾಟರಿಯ ಚಾರ್ಜ್ ತೋರಿಸುವ ಮೀಟರ್ ಕಟ್ಟಿದರು. ಹದಿನಾಲ್ಕೂವರೆ ವೋಲ್ಟ್ ದಾಟಿತೋ, ಇಂಡಿಕೇಟರು, ಹಾರ್ನು, ಬ್ರೇಕ್ ಲೈಟು ಎಲ್ಲ ಒಟ್ಟಿಗೇ! ಇವರು ಎಡಕ್ಕೆ ಹೊರಳುತ್ತಾರೆಂದು ಹಿಂದಿನ ಆಟೋದವನು ಉಣಕಲ್ ಕೆರೆಯಿಂದ ನವನಗರದವರೆಗೆ ಕಾದನಂತೆ.

ಕಾಕು ನವನಗರದ ತಂಗಿಯ ಮನೆಗೆ ಬಸ್ಸು ಹತ್ತಿದರೆ, ಬಸ್ಸಿನ ಬೆನ್ನಿಗೇ ಒಂದು ಹೆಡ್‌ಲೈಟು. ಸ್ಟಾಪಿನಲ್ಲಿ ಇಳಿದರೆ ಕಾಕಾ ಹಾಜರು!

“ಹಂಗ ಈ ಕಡೆ ಕೆಲಸ ಇತ್ತು.”

“ಏನ ಕೆಲಸರಿ?”

“ಬ್ಯಾಟರಿ ಕರಗಸೂದು!”

ಹೊಸ ಗಾಡಿ ಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. “ಗಾಡಿದೇನ ತಪ್ಪೈತೋ? ನೋಡದ ಓಡಿಸಿದಾಂವ ನಾನು” ಎಂದರು. ಇಂಥ ಮನುಷ್ಯನನ್ನು ನೋಡಿ ನಗುವುದೋ, ಕೈಮುಗಿಯುವುದೋ ನೀವೇ ಹೇಳಿ! ಎರಡು ಹೊಸ ರೆಗ್ಯುಲೇಟರ್ ಹಾಕಿದರೂ ಮೀಟರ್ ಏರುತ್ತಲೇ ಇತ್ತು. ಮೆಕ್ಯಾನಿಕ್ಕುಗಳೆಲ್ಲ ಕೈಚೆಲ್ಲಿದರು. ಕಾಕಾ ಮಾತ್ರ ವಾರವಾರ ಅಂಗಳದಲ್ಲಿ ಅಂಗಾತ ಮಲಗಿ ಒಂದೊಂದೇ ವೈರು ಹಿಡಿದು ಹುಡುಕಿದರು.

ಒಂದು ಭಾನುವಾರ ಸಿಕ್ಕಿಬಿದ್ದ ಕಳ್ಳ! ರೆಗ್ಯುಲೇಟರನ್ನು ಗಾಡಿಯ ಚೌಕಟ್ಟಿಗೆ ಬಿಗಿದ ಜಾಗದಲ್ಲಿ ತುಕ್ಕು ಹಿಡಿದು ಅರ್ಥಿಂಗೇ ಸಿಗುತ್ತಿರಲಿಲ್ಲ. ಉಪ್ಪುಕಾಗದದಿಂದ ತಿಕ್ಕಿ, ಬೋಲ್ಟ್ ಬಿಗಿದು, ಗಾಡಿ ಚಾಲೂ ಮಾಡಿದರು. ಎಷ್ಟು ಎಕ್ಸಿಲೇಟರ್ ತಿರುವಿದರೂ ಮೀಟರ್ ಹದಿನಾಲ್ಕರ ಆಸುಪಾಸಿನಲ್ಲೇ ನಿಂತಿತು.

“ಸಾಕು ಅನ್ನೂದು ಕಲೀತ ನೋಡೋ ತಮ್ಮಾ!” ಎನ್ನುತ್ತ ಕಾಕಾ ಹೆಡ್‌ಲೈಟ್ ಆರಿಸಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಕರೆಯುವ ಧೈರ್ಯ ಮಾತ್ರ ಆಗಲಿಲ್ಲ.

ಕಾಕು ತಾವೇ ಹೊರಗೆ ಬಂದರು. ಉಟ್ಟದ್ದು ಅದೇ ಕರಿ ಇಳಕಲ್! ತೂತಿದ್ದಲ್ಲೆಲ್ಲ ಹಿಂದೆ ಬಟ್ಟೆ ಕೊಟ್ಟು, ಮೇಲೆ ಕಸೂತಿ ಹಾಕಿದ್ದರು: ನವಿಲು, ತುಳಸಿಕಟ್ಟೆ, ಸಾಲು ಸಾಲು ದೀಪ. ಕಾಕಾ ವೈರು ಹುಡುಕುತ್ತಿದ್ದ ಅಷ್ಟೂ ದಿನ ಅವರು ಒಳಗೆ ಸೂಜಿ ಹಿಡಿದು ಕುಳಿತಿದ್ದರು. ಬಂದು ಹಿಂದಿನ ಸೀಟಿನಲ್ಲಿ ಕುಳಿತು, ಸೆರಗು ಸುತ್ತಿಕೊಂಡರು.

“ಲೈಟ್ ಹಚ್ಚರಿ.”

“ಈಗ ಅದು ಬೇಕಾಗಿಲ್ಲ. ರಿಪೇರಿ ಆತು.”

“ಆಗ್ಲಿ, ಹಚ್ಚರಿ. ಬಸ್ಸಿನ್ಯಾಗ ನಾ ಯಾವಾಗ್ಲೂ ಹಿಂದಿನ ಸೀಟಿಗೇ ಕೂಡತಿದ್ದೆ. ಆ ಲೈಟ್ ನೋಡಕೋತ.”

ಕಾಕಾ ಹಚ್ಚಿದರು. ಗಾಡಿ ಗೇಟು ದಾಟುತ್ತಲೇ ಎದುರಿನವನೊಬ್ಬ ಬೆರಳು ಮುಚ್ಚಿ ಬಿಚ್ಚಿದ. ಕಾಕಾ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕಾಕು ಕೈಯೆತ್ತಿ ಕೂಗಿದರು:

“ಗೊತ್ತೈತ್ರೀ!”