ದರ್ಜಿಯ ಬ್ಲಾಗಿಗೆ ನನ್ನ ಮುನ್ನುಡಿ

ನನ್ನ ಗೆಳೆಯ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಹೊಲಿಗೆ ಯಂತ್ರದ ಮುಂದೆ, ಸ್ಟೂಲಿನ ಮೇಲೆ, ಕುಳಿತಲ್ಲೇ. ಡಾಕ್ಟರು ಹೃದಯ ಎಂದರು. ಯಂತ್ರದ ಸೂಜಿಯ ಕೆಳಗೆ ಯಾರದೋ ಪ್ಯಾಂಟಿನ ಒಂದು ಕಾಲಿತ್ತು.

ಹೀಗೆ ಶುರುಮಾಡಿದ್ದಕ್ಕೆ ಅವನಿದ್ದಿದ್ದರೆ ಬೈಯುತ್ತಿದ್ದ. "ಬಾಗಿಲಲ್ಲೇ ಹೆಣ ಇಟ್ಕೊಂಡು ಕೂತ್ರೆ ಗಿರಾಕಿ ಒಳಗೆ ಬರ್ತಾನೇನೋ?" ಎನ್ನುತ್ತಿದ್ದ. ಅವನಿಲ್ಲ. ಆದ್ದರಿಂದ ನನಗೆ ಬೇಕಾದ ಹಾಗೆ ಶುರುಮಾಡುವ ಸ್ವಾತಂತ್ರ್ಯ ಸಿಕ್ಕಿದೆ. ಆ ಸ್ವಾತಂತ್ರ್ಯವನ್ನು ಏನು ಮಾಡಬೇಕೆಂದು ತಿಳಿಯುತ್ತಿಲ್ಲ.

ಅವನು ದರ್ಜಿ. ನಾವೆಲ್ಲ ಅವನನ್ನು ಕತ್ತರಿ ಎಂದು ಕರೆಯುತ್ತಿದ್ದೆವು. ಇಷ್ಟು ತಪ್ಪು ಹೆಸರು ಇನ್ನೊಂದಿಲ್ಲ. ಉದ್ದ ಜಾಸ್ತಿಯಾಯಿತೆಂದು ಪ್ಯಾಂಟು ಕೊಟ್ಟರೆ ಅವನು ಕತ್ತರಿಸುತ್ತಲೇ ಇರಲಿಲ್ಲ, ಒಳಗೆ ಮಡಚಿ ಹೊಲಿಯುತ್ತಿದ್ದ. "ಬಟ್ಟೆ ನಿಂದು. ಕತ್ತರಿಸಿ ಬಿಸಾಕೋಕೆ ನಾನ್ಯಾರು? ಮುಂದೆ ಬೇಕಾದ್ರೆ ಬಿಚ್ಕೊ" ಎನ್ನುತ್ತಿದ್ದ. ನಾನು ಲೈಬ್ರರಿಯಿಂದ ನಿವೃತ್ತನಾದವನು. ನಾನು ಇನ್ನು ಬೆಳೆಯುವುದೇನಿದ್ದರೂ ನೆಲದ ಕಡೆಗೆ. ಆದರೂ ನನ್ನ ಪ್ರತಿಯೊಂದು ಪ್ಯಾಂಟಿನ ಕಾಲೊಳಗೂ ಗೇಣುದ್ದದ ಬಟ್ಟೆ ಮಡಚಿಕೊಂಡು ಕೂತಿದೆ. ನಡೆದರೆ ಎರಡು ಕಾಲಿಗೂ ಒಂದೊಂದು ಬೆಕ್ಕು ಜೋತುಬಿದ್ದ ಹಾಗೆ.

ಬ್ಲಾಗ್ ಬರೆಯುವ ಯೋಚನೆ ನನ್ನದು. (ಒಳ್ಳೆಯ ಯೋಚನೆಗಳೆಲ್ಲ ನನ್ನವು. ಅವು ಫಲಿಸಿದ್ದು ಮಾತ್ರ ಬೇರೆಯವರಿಗೆ.) ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟು, "ನಿನ್ನ ವೃತ್ತಿಯ ಅನುಭವಗಳನ್ನು ಲೋಕಕ್ಕೆ ಕೊಡು" ಎಂದೆ.

"ಲೋಕ ಕೇಳಿದೆಯಾ?"

"ಕೇಳೋದಿಲ್ಲ. ಕೊಡಬೇಕು."

"ಅಳತೆ ಕೊಡದೋರಿಗೆ ನಾನು ಹೊಲಿಯಲ್ಲ ಕಣೋ" ಎಂದ. ಆದರೂ ಫೋನು ಇಸಿದುಕೊಂಡ.

ಅವನ ಬೆರಳುಗಳು ಸೂಜಿಗೆ ಪಳಗಿದ್ದವು, ಅಕ್ಷರಕ್ಕಲ್ಲ. ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಕೊನೆಗೆ ಕೀಲಿಮಣೆಯ ಮೂಲೆಯಲ್ಲಿದ್ದ ಮೈಕು ಕಣ್ಣಿಗೆ ಬಿತ್ತು. ಮಾತಾಡಿದರೆ ಸಾಕು, ಫೋನೇ ಬರೆದುಕೊಳ್ಳುತ್ತದೆ. ಅವನು ಫೋನನ್ನು ಯಂತ್ರದ ಪಕ್ಕ ಬಟ್ಟೆ ಚೂರುಗಳ ಮೇಲೆ ಒರಗಿಸಿಟ್ಟು ಗುಂಡಿ ಹೊಲಿಯುವ ಬಗ್ಗೆ ಉಪನ್ಯಾಸ ಶುರುಮಾಡಿದ. ಅವನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಹಿಂದಿನದು ಅಡುಗೆಮನೆ. ನಡುವೆ ಒಂದು ಪರದೆ. ಪರದೆಯ ಆಚೆ ಅತ್ತಿಗೆ, ಅಂದರೆ ಅವನ ಹೆಂಡತಿ. ಮೈಕಿಗೆ ಪರದೆಯ ಮರ್ಯಾದೆ ಗೊತ್ತಿರಲಿಲ್ಲ. ಮೊದಲ ಪೋಸ್ಟು ಹೀಗೆ ಬಂತು:

"ಗುಂಡಿ ಹೊಲಿಯುವಾಗ ದಾರ ಎರಡೆಳೆ ಇರಬೇಕು ರೀ ನಿಮ್ಮ ಅಂಗಿಗೇ ಮೇಲಿನ ಗುಂಡಿ ಇಲ್ಲ ಊರಿಗೆಲ್ಲ ಪಾಠ ಮಾಡ್ತೀರಾ ಸ್ವಲ್ಪ ಸುಮ್ಮನಿರೇ ನಾಲ್ಕು ಕಣ್ಣಿನ ಗುಂಡಿಯಾದರೆ ಅಡ್ಡಡ್ಡ ಹಾಕಬೇಕು ನನಗೆ ಎರಡೇ ಕಣ್ಣು ಎಲ್ಲಾ ಕಾಣ್ತಿದೆ ನೀರಿನ ನಲ್ಲಿ ಯಾವಾಗ ರಿಪೇರಿ ಮಾಡಿಸ್ತೀರಾ"

ಡ್ರಾಫ್ಟಿನಲ್ಲಿ ಇಡಲು ಹೋಗಿ ಅವನು ಪ್ರಕಟಿಸಿಬಿಟ್ಟ. ನಾನು ಅಳಿಸಲು ಓಡಿಹೋಗುವಷ್ಟರಲ್ಲಿ ಜನ ಓದಿ, ನಕ್ಕು, ಹಂಚಿಕೊಂಡಾಗಿತ್ತು. ನಲ್ಲಿ ರಿಪೇರಿ ಆಯಿತೇ ಎಂದು ಅಪರಿಚಿತರು ವಿಚಾರಿಸುತ್ತಿದ್ದರು.

ಮುಂದಿನ ಪೋಸ್ಟಿಗೆ ನಾನು ಸಂಪಾದಕನಾದೆ. ಅತ್ತಿಗೆಯ ಮಾತುಗಳನ್ನೆಲ್ಲ ಹೆಕ್ಕಿ ತೆಗೆದು, ಪೂರ್ಣವಿರಾಮಗಳನ್ನು ಬಿತ್ತಿ, ಭಾಷೆಗೆ ಇಸ್ತ್ರಿ ಮಾಡಿ ಹಾಕಿದೆ. ಯಾರೂ ಓದಲಿಲ್ಲ. ಬಂದ ಒಂದೇ ಕಾಮೆಂಟು: "ಆ ಹೆಂಗಸು ಎಲ್ಲಿ?"

ಆದ್ದರಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅತ್ತಿಗೆ ಪೋಸ್ಟಿನಲ್ಲಿ ಇರುತ್ತಾರೆ, ಆದರೆ ಅವರಿಗೆ ಅದು ತಿಳಿಯಬಾರದು. ತಿಳಿದರೆ ಮಾತು ನಿಲ್ಲಿಸುತ್ತಾರೆ, ಬ್ಲಾಗು ಸಾಯುತ್ತದೆ, ನಾವಿಬ್ಬರೂ ಅದರ ಹಿಂದೆಯೇ ಹೋಗಬೇಕಾಗುತ್ತದೆ. ಆ ರಹಸ್ಯವನ್ನು ನಾನು ಯಾವ ಸರ್ಕಾರಿ ಗುಟ್ಟಿಗೂ ಕಡಿಮೆಯಿಲ್ಲದಂತೆ ಕಾಪಾಡಿದೆ. ಅತ್ತಿಗೆ ಚಹಾ ತಂದರೆ ಸಾಕು, ಫೋನಿನ ಮೇಲೆ ಲಂಗದ ಬಟ್ಟೆ ಎಸೆದು ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ. ಬೇಸಿಗೆಯ ನಡುಮಧ್ಯದಲ್ಲಿ "ಮೋಡ ಆಗಿದೆ" ಎಂದದ್ದೂ ಉಂಟು.

ಇದಕ್ಕೆ ಸಂಬಳವಾಗಿ ನಾನು ಪಡೆದದ್ದು ಪ್ರತಿ ಪೋಸ್ಟಿಗೂ ಮುನ್ನುಡಿ ಬರೆಯುವ ಹಕ್ಕು. ಅವನ ಬರಹ ಅಂಗೈಯಷ್ಟು, ನನ್ನ ಮುನ್ನುಡಿ ಮೊಳದಷ್ಟು. ಕಾಲರಿನ ಬಗ್ಗೆ ಅವನು ನಾಲ್ಕು ಮಾತು ಹೇಳಿದರೆ ನಾನು ಮನುಷ್ಯನ ಕತ್ತು ಮತ್ತು ಅವನ ಅಹಂಕಾರದ ಬಗ್ಗೆ ಬರೆಯುತ್ತಿದ್ದೆ. ಓದುಗರು ಇದನ್ನು ಮೌನದಿಂದ ಗೌರವಿಸಿದರು. ಒಬ್ಬರನ್ನು ಬಿಟ್ಟು. "ಸೂಜಿಮೊನೆ" ಎಂಬ ಹೆಸರಿನವರು ಪ್ರತಿ ಪೋಸ್ಟಿನ ಕೆಳಗೂ ಹಾಜರು. "ಮುನ್ನುಡಿ ಬರೆಯುವವರಿಗೆ ನಮಸ್ಕಾರ. ನನಗೆ ನಿದ್ದೆಯ ತೊಂದರೆ ಇತ್ತು. ಈಗ ಎರಡನೇ ಪ್ಯಾರಾ ದಾಟಿದ್ದೇ ಇಲ್ಲ." ಸಮಕಾಲೀನ ಓದುಗರ ಅಭಿರುಚಿಯ ಅಧಃಪತನದ ಬಗ್ಗೆ ನಾನು ದೀರ್ಘ ಉತ್ತರ ಬರೆದೆ. ತಕ್ಷಣ ಮರುತ್ತರ ಬಂತು: "ಇದಕ್ಕೂ ನಿದ್ದೆ ಬಂತು."

"ಯಾರೋ ಇದು? ಯಾವನೋ ಎದುರಾಳಿ ದರ್ಜಿ ಇರಬೇಕು" ಎಂದೆ.

"ಇರಬಹುದು" ಎಂದ ಕತ್ತರಿ, ದಾರ ಕಚ್ಚಿದ.

ಸೋಮವಾರ ಸಂಜೆ ಅವನ ಹೊಸ ಪೋಸ್ಟು ಸಿದ್ಧವಾಗಿತ್ತು, ಪ್ಯಾಂಟಿನ ಜೇಬಿನ ಬಗ್ಗೆ. ನಾನು ಅದಕ್ಕೆ ಜೇಬು ಮತ್ತು ಮಾನವ ನಾಗರಿಕತೆ ಎಂಬ ಮುನ್ನುಡಿ ಬರೆದಿದ್ದೆ. ಗುಹೆಯಿಂದ ಆರಂಭವಾಗುತ್ತಿತ್ತು. ಅವನು ಫೋನನ್ನು ಮೇಲಕ್ಕೆ ಸರಿಸಿದ, ಸರಿಸಿದ, ಸರಿಸುತ್ತಲೇ ಇದ್ದ.

"ಉದ್ದ ಆಯ್ತು ಕಣೋ ಲೈಬ್ರರಿ. ಜೇಬು ಬರೋ ಹೊತ್ತಿಗೆ ಓದೋನಿಗೆ ಪ್ಯಾಂಟೇ ಹರಿದಿರುತ್ತೆ."

"ಒಂದು ಪದ ತೆಗೆದ್ರೂ ನನ್ನ ಹೆಸರು ತೆಗೆದುಬಿಡು."

"ಹೆಸರು ಚಿಕ್ಕದಾಗಿದೆ, ಅದಿರಲಿ."

"ನೀನು ಎಂದಾದರೂ ಒಂದು ಪುಸ್ತಕ ಕೊನೇವರೆಗೂ ಓದಿದ್ದೀಯೇನೋ?"

"ನಿನ್ನ ಸ್ನೇಹ ಮಾಡಿದೀನಲ್ಲ, ಅದಕ್ಕಿಂತ ದಪ್ಪ ಪುಸ್ತಕ ಬೇಕಾ?"

ನಾನು ಎದ್ದು ಬಂದುಬಿಟ್ಟೆ. ಬಾಗಿಲಲ್ಲಿ ತಿರುಗಿ, "ಕತ್ತರಿಸ್ಕೋ ಹೋಗು, ನಿನಗೆ ಬರೋದೇ ಅದು" ಎಂದೆ. ಇಡೀ ಊರಿನಲ್ಲಿ ಆ ಮಾತು ಯಾರಿಗೆ ಅನ್ವಯಿಸುತ್ತಿರಲಿಲ್ಲವೋ ಅವನಿಗೇ ಹೇಳಿದೆ. ನಾವು ಆಡಿದ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ ಸುದ್ದಿ ಬಂತು.

ಆಮೇಲೆ ನಾನು ಆ ಆ್ಯಪನ್ನು ತೆರೆಯಲಿಲ್ಲ. ಅವನು ಆ ಬೆಳಿಗ್ಗೆ ಜೇಬಿನ ಪೋಸ್ಟನ್ನು ಪ್ರಕಟಿಸಿದನೋ ಇಲ್ಲವೋ ಗೊತ್ತಿರಲಿಲ್ಲ. ಪ್ರಕಟಿಸಿದ್ದರೆ, ನನ್ನನ್ನು ಕತ್ತರಿಸಿ ಪ್ರಕಟಿಸಿದನೋ ಇಲ್ಲವೋ. ಮುನ್ನುಡಿ ಹಾಳಾಗಿ ಹೋಗಲಿ. ಅವನು ಹೋಗುವಾಗ ನನ್ನ ಮೇಲೆ ಮುನಿಸಿಕೊಂಡಿದ್ದನೇ ಎಂಬುದಷ್ಟೇ ನನಗೆ ಬೇಕಿತ್ತು. ಅದನ್ನು ನೋಡಲು ಫೋನು ಕೈಗೆತ್ತಿಕೊಳ್ಳುವುದು, ಮತ್ತೆ ಕೆಳಗಿಡುವುದು, ಇದೇ ನನ್ನ ದಿನಚರಿಯಾಯಿತು.

ನಿನ್ನೆ ಮಧ್ಯಾಹ್ನ ಅತ್ತಿಗೆ ಕರೆಸಿದರು. ಅವನ ಸ್ಟೂಲಿನ ಮೇಲೆ ಕೂತಿದ್ದರು. ಅವನ ಫೋನು ಅವರ ಮಡಿಲಲ್ಲಿತ್ತು. ಬ್ಲಾಗು ಸಿಕ್ಕಿಬಿದ್ದಿದೆ.

"ಅತ್ತಿಗೆ, ಆ ಫೋನು ಹಳೇದು, ಕೊಡಿ, ರಿಪೇರಿಗೆ…"

"ಮೋಡ ಆಗಿದೆ ಅಂತ ಹೇಳಲ್ವಾ ಇವತ್ತು?"

ನಾನು ಕುಳಿತುಕೊಂಡೆ.

"ಲೈಬ್ರರಿಯವರೇ, ಸೂಜಿಮೊನೆ ನಾನೇ" ಎಂದರು.

ಬ್ಲೌಸು ಹೊಲಿಯಲು ಕೊಟ್ಟಿದ್ದ ಒಬ್ಬ ಹೆಂಗಸು ಅವರ ಮಾತನ್ನೇ ಅವರಿಗೆ ಓದಿ ತೋರಿಸಿ ನಕ್ಕಿದ್ದಳಂತೆ. ಬ್ಲಾಗು ಶುರುವಾದ ಹೊಸದರಲ್ಲೇ. "ಮೊದಲು ಒಲೆ ಊದೋ ಕೊಳವೆ ತಗೊಂಡೆ. ಆಮೇಲೆ ಯೋಚನೆ ಮಾಡಿದೆ. ಇಷ್ಟು ವರ್ಷ ನಾನು ಹೇಳಿದ್ದನ್ನ ಈ ಮನೇಲಿ ಯಾರಾದ್ರೂ ಕೇಳಿದಾರಾ? ಈಗ ಊರಿಗೆ ಊರೇ ಕೇಳ್ತಿದೆ. ನಲ್ಲಿ ರಿಪೇರಿ ಆಗಿದ್ದೂ ಅದರಿಂದಲೇ. ಅವತ್ತಿಂದ ಪರದೆ ಹತ್ರ ಬಂದು ನಿಂತ್ಕೊಂಡೇ ಬೈತಿದ್ದೆ."

"ಅವನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ನಾನು ಬಾಯಿ ತೆಗೆದ್ರೆ ಮಿಷನ್ ನಿಲ್ಲಿಸೋರು, ಚೆನ್ನಾಗಿ ಕೇಳಿಸ್ಲಿ ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ನಾನೂ ಅದನ್ನೇ ಕೇಳ್ದೆ. 'ಪಾಪ, ರಿಟೈರ್ ಆಗಿದ್ದಾನೆ. ಕಾಪಾಡೋಕೆ ಅಂತ ಒಂದು ಗುಟ್ಟು ಇರ್ಲಿ ಅವನಿಗೆ. ಹೊತ್ತು ಹೋಗುತ್ತೆ' ಅಂದ್ರು."

ಹೊರಗೆ ಬಿಸಿಲು ಸುಡುತ್ತಿತ್ತು. ನಾನು ಎಸೆದಿದ್ದ ಲಂಗದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ.

ಅತ್ತಿಗೆ ಫೋನು ನನ್ನ ಕೈಗಿಟ್ಟರು. "ಕೊನೇದು ನೋಡಿ. ನೀವು ನೋಡಿಲ್ಲ ಅಂತ ನನಗೆ ಗೊತ್ತು. ನೋಡಿದ್ರೆ ಜಗಳಕ್ಕೆ ಬಂದಿರ್ತಿದ್ರಿ."

ಪೋಸ್ಟು ಪ್ರಕಟವಾಗಿತ್ತು. ನೇರವಾಗಿ ಜೇಬಿನಿಂದ ಶುರುವಾಗಿತ್ತು. ಗುಹೆ ಇರಲಿಲ್ಲ. ನಾಗರಿಕತೆ ಇರಲಿಲ್ಲ. ನನ್ನ ಒಂದು ಪದವೂ ಇರಲಿಲ್ಲ.

"ಕತ್ತರಿಸಿಬಿಟ್ಟ" ಎಂದೆ.

"ಕೆಳಗೆ ಹೋಗಿ."

ಕೆಳಗೆ, ಕೊನೆಯಲ್ಲಿ, ಮೈಕು ಬರೆದುಕೊಂಡ ಹಾಗೆಯೇ ಒಂದಿಷ್ಟು ಸಾಲುಗಳಿದ್ದವು, ಪೂರ್ಣವಿರಾಮವಿಲ್ಲದೆ. ಅದರಡಿಯಲ್ಲಿ ಚಿಕ್ಕದಾಗಿ "ಮುಂದೆ ಓದಿ" ಎಂದಿತ್ತು. ಒತ್ತಿದೆ. ಗುಹೆ ಬಿಚ್ಚಿಕೊಂಡಿತು. ನಾಗರಿಕತೆ ಬಿಚ್ಚಿಕೊಂಡಿತು. ಇಡೀ ಮುನ್ನುಡಿ, ಒಂದು ಅಲ್ಪವಿರಾಮವೂ ಕಳೆಯದೆ, ಮಡಿಕೆಯೊಳಗಿನಿಂದ ಉರುಳಿ ಬಂತು. ಆ ಆ್ಯಪಿನಲ್ಲಿ ಬರಹವನ್ನು ಹಾಗೆ ಒಳಗೆ ಮಡಚಿಡಬಹುದೆಂದು ಸಂಪಾದಕನಾದ ನನಗೆ ಗೊತ್ತೇ ಇರಲಿಲ್ಲ.

"ಬೆಳಿಗ್ಗೆ ಎದ್ದಾಗಿಂದ ಅದನ್ನೇ ಹುಡುಕ್ತಿದ್ರು" ಎಂದರು ಅತ್ತಿಗೆ. "ತಿಂಡಿ ಆರಿಹೋಯ್ತು."

ಆಮೇಲೆ ಅವರೇ ಹೇಳಿದರು. "ಅವರು ಹೋದ ಮೇಲೆ ನನಗೆ ಕಣ್ಣು ಮುಚ್ಚೋಕೇ ಆಗಿರ್ಲಿಲ್ಲ. ಮೊನ್ನೆ ಅದನ್ನ ಬಿಚ್ಚಿ ಓದೋಕೆ ಕೂತೆ. ಎರಡನೇ ಪ್ಯಾರಾಕ್ಕೆ ನಿದ್ದೆ ಬಂತು. ಚೆನ್ನಾಗಿ ಮಲಗಿದೆ. ಇನ್ನೂ ಒಂದೆರಡು ಬರೆದುಕೊಡಿ."

ನನ್ನ ಸಾಹಿತ್ಯಕ್ಕೆ ಸಿಕ್ಕ ಮೊದಲ ಬೇಡಿಕೆ ಇದು. ಬರೆದುಕೊಡುತ್ತೇನೆ ಎಂದೆ.

ಕೊನೆಯ ಸಾಲುಗಳನ್ನು ಇಲ್ಲಿ ಹಾಗೇ ಇಳಿಸುತ್ತಿದ್ದೇನೆ. ಯಾರ ಮಾತು ಯಾವುದೆಂದು ನಾನು ಬಿಡಿಸಿಲ್ಲ, ಪೂರ್ಣವಿರಾಮ ಹಾಕಿಲ್ಲ.

"ಇದಕ್ಕೆ ನನ್ನ ಗೆಳೆಯ ಬರೆದ ಮುನ್ನುಡಿ ಇದೆ ಸ್ವಲ್ಪ ಉದ್ದ ಜಾಸ್ತಿ ಒಳಗೆ ಮಡಚಿದೀನಿ ಬೇಕಾದವರು ಬಿಚ್ಕೊಳ್ಳಿ ರೀ ಯಾರೂ ಬಿಚ್ಚಲ್ಲ ಸುಮ್ಮನೆ ಕತ್ತರಿಸಿ ಹಾಕಿ ತಿಂಡಿಗೆ ಬನ್ನಿ ಬಿಚ್ಚಲಿ ಬಿಡಲಿ ಬಟ್ಟೆ ಅವನದು ಕಣೇ ಬಂದೆ ಇರು"

ಆಮೇಲೆ ಅವನು "ಪ್ರಕಟಿಸು" ಒತ್ತಿ, ಫೋನನ್ನು ಬಟ್ಟೆ ಚೂರುಗಳ ಮೇಲೆ ಒರಗಿಸಿಟ್ಟು, ಯಾರದೋ ಪ್ಯಾಂಟಿನ ಕಾಲನ್ನು ಒಳಗೆ ಮಡಚಿ ಸೂಜಿಯ ಕೆಳಗಿಟ್ಟ.